ಪದವಿಯ ಮಗ್ಗುಲಲ್ಲಿ ಗ್ರೀಕ್

ಪಶ್ಚಿಮ ಯುರೋಪಿನ ವಿಶ್ವವಿದ್ಯಾಲಯಗಳಿಗೆ ಪ್ರಾಚೀನ ಗ್ರೀಕ್ ಭಾಷೆ ಮೊದಲು ಬಂದದ್ದು ಪದವಿಯ ವಿಷಯವಾಗಿ ಅಲ್ಲ. ಬೇರೆ ಪದವಿಗೆ ಓದುತ್ತಿದ್ದವರು ಸ್ವಂತ ಆಸೆಯಿಂದ ಹೆಚ್ಚಿಗೆ ಕಲಿತ ವಿದ್ಯೆಯಾಗಿ. ಮಧ್ಯಯುಗದ ವಿಶ್ವವಿದ್ಯಾಲಯದಲ್ಲಿ ಕಲೆ, ಕಾನೂನು, ವೈದ್ಯ, ದೇವತಾಶಾಸ್ತ್ರ ಎಂಬ ನಾಲ್ಕು ವಿಭಾಗಗಳಿದ್ದವು. ನಾಲ್ಕರಲ್ಲೂ ಪಾಠ ಲ್ಯಾಟಿನ್‌ನಲ್ಲಿ, ವಾದ ಲ್ಯಾಟಿನ್‌ನಲ್ಲಿ, ಪರೀಕ್ಷೆಯೂ ಲ್ಯಾಟಿನ್‌ನಲ್ಲಿ. ಅರಿಸ್ಟಾಟಲ್‌ನನ್ನು ವರ್ಷಗಟ್ಟಲೆ ಓದಿ ವ್ಯಾಖ್ಯಾನ ಬರೆದ ಪಂಡಿತರಲ್ಲಿ ಬಹುಪಾಲು ಜನ ಅವನ ಮೂಲದ ಒಂದು ಸಾಲನ್ನೂ ಓದಬಲ್ಲವರಾಗಿರಲಿಲ್ಲ. ಅವರ ಕೈಯಲ್ಲಿದ್ದದ್ದು ಲ್ಯಾಟಿನ್ ಅನುವಾದ, ಕೆಲವೊಮ್ಮೆ ಅರಬ್ಬಿಯ ಮೂಲಕ ಬಂದ ಅನುವಾದದ ಅನುವಾದ. ಹದಿಮೂರನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಗ್ರೋಸ್‌ಟೆಸ್ಟ್ ಗ್ರೀಕ್ ಕಲಿತು ಅರಿಸ್ಟಾಟಲ್‌ನ ನೀತಿಶಾಸ್ತ್ರವನ್ನು ಲ್ಯಾಟಿನ್‌ಗೆ ತಂದ. ರೋಜರ್ ಬೇಕನ್ ಒಂದು ಗ್ರೀಕ್ ವ್ಯಾಕರಣವನ್ನೇ ಬರೆದ. ಇಬ್ಬರೂ ಒಂಟಿ ಮರಗಳು. ಅವರ ಹಿಂದೆ ತೋಪು ಬೆಳೆಯಲಿಲ್ಲ.

ತೋಪು ಬೆಳೆದದ್ದು ಫ್ಲಾರೆನ್ಸಿನಲ್ಲಿ. ನಗರದ ಮಹಾಕಾರ್ಯದರ್ಶಿ ಕೊಲುಚ್ಚೊ ಸಲುಟಾಟಿಯ ಕರೆಗೆ ಓಗೊಟ್ಟು 1397ರ ಆರಂಭದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಮಾನ್ಯುಯೆಲ್ ಕ್ರೈಸೊಲೊರಾಸ್ ಎಂಬ ವಿದ್ವಾಂಸ ಅಲ್ಲಿಗೆ ಬಂದ. ನಗರವೇ ಅವನಿಗೆ ಸಂಬಳ ಕೊಟ್ಟು ಗ್ರೀಕ್ ಕಲಿಸಲು ನೇಮಿಸಿತು. ಅವನ ಮುಂದೆ ಬಂದು ಕೂತವರಲ್ಲಿ ಲೆಯೊನಾರ್ಡೊ ಬ್ರೂನಿ ಎಂಬ ಕಾನೂನು ವಿದ್ಯಾರ್ಥಿಯೂ ಇದ್ದ. ಆಗ ತನ್ನ ಮನಸ್ಸಿನಲ್ಲಿ ನಡೆದ ಜಗ್ಗಾಟವನ್ನು ಬ್ರೂನಿ ಮುಂದೆ ತನ್ನ ಕಾಲದ ನೆನಪುಗಳನ್ನು ಬರೆಯುವಾಗ ದಾಖಲಿಸಿದ್ದಾನೆ. ಕೈಹಿಡಿದ ಕಾನೂನನ್ನು ನಡುವೆ ಬಿಡುವುದು ತಪ್ಪೆನಿಸಿತು. ಗ್ರೀಕ್ ಕಲಿಯುವ ಅವಕಾಶವನ್ನು ಕೈಬಿಡುವುದು ಅದಕ್ಕಿಂತ ದೊಡ್ಡ ತಪ್ಪೆನಿಸಿತು. ಕಾನೂನು ಕಲಿಸುವವರು ಊರಿಗೆ ಹತ್ತಾರು ಮಂದಿ, ಅದನ್ನು ಯಾವಾಗ ಬೇಕಾದರೂ ಕಲಿಯಬಹುದು. ಗ್ರೀಕ್ ಕಲಿಸುವವನು ಇವನೊಬ್ಬನೇ, ಇವನು ಹೋದರೆ ಮತ್ತೆ ಯಾರೂ ಇಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಅವನು ಎಷ್ಟು ತೀವ್ರವಾಗಿ ಕಲಿತನೆಂದರೆ ಹಗಲು ಓದಿದ್ದು ರಾತ್ರಿ ನಿದ್ದೆಯಲ್ಲೂ ಬರುತ್ತಿತ್ತಂತೆ. ಪದವಿಯ ಓದಿನ ಪಕ್ಕದಲ್ಲಿ ಗ್ರೀಕ್ ಇಟ್ಟುಕೊಂಡವರ ಸಾಲಿನಲ್ಲಿ ಬ್ರೂನಿಗೆ ಮೊದಲ ಸ್ಥಾನ ಕೊಟ್ಟರೆ ತಪ್ಪಾಗಲಾರದು. ಮುಂದೆ ಅವನು ಫ್ಲಾರೆನ್ಸಿನ ಮಹಾಕಾರ್ಯದರ್ಶಿಯಾದ; ಅರಿಸ್ಟಾಟಲ್‌ನ ರಾಜ್ಯಶಾಸ್ತ್ರವನ್ನು ಹೊಸದಾಗಿ ಲ್ಯಾಟಿನ್‌ಗೆ ತಂದ.

ಅವನ ಸಹಪಾಠಿಗಳೂ ಬರೀ ಭಾಷೆಯ ಹಂಬಲದಿಂದ ಬಂದ ಎಳೆಯರಾಗಿರಲಿಲ್ಲ. ಪಿಯೆರ್ ಪಾವ್ಲೊ ವರ್ಜೇರಿಯೊ ಪಡುವಾದಲ್ಲಿ ವಿದ್ವಾಂಸನೆಂದು ಹೆಸರಾದ ಮೇಲೆ ಮತ್ತೆ ಶಿಷ್ಯನಾಗಿ ಫ್ಲಾರೆನ್ಸಿಗೆ ಬಂದವನು. ಪಲ್ಲಾ ಸ್ಟ್ರೋಟ್ಸಿ ಸಿರಿವಂತ. ಹಸ್ತಪ್ರತಿ ತರಿಸಲು ಕೈಯಿಂದ ಹಣ ಹಾಕಿದವನು. ಯಾಕೊಪೊ ಆಂಜೆಲಿ ಟಾಲೆಮಿಯ ಭೂಗೋಳವನ್ನು ಲ್ಯಾಟಿನ್‌ಗೆ ತಂದ, ಯುರೋಪಿನ ನಕಾಶೆಗಳು ಅದರಿಂದ ಬದಲಾದವು. ಕ್ರೈಸೊಲೊರಾಸ್ ಅಲ್ಲಿದ್ದದ್ದು ಮೂರೇ ವರ್ಷ. ಆದರೆ ಅವನು ಬಿಟ್ಟುಹೋದ ಪುಟ್ಟ ವ್ಯಾಕರಣಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಆಯುಸ್ಸು ದೊರೆಯಿತು. ಪ್ರಶ್ನೋತ್ತರ ರೂಪದ ಆ ಪುಸ್ತಕದ ಹೆಸರೇ 'ಎರೊಟೆಮಾಟ', ಅಂದರೆ ಪ್ರಶ್ನೆಗಳು. ಬೈಜಾಂಟಿಯಂನ ಹಳೆಯ ವ್ಯಾಕರಣಗಳು ನಾಮಪದಗಳನ್ನು 56 ವರ್ಗಗಳಾಗಿ ಹಂಚಿದ್ದವು. ಕ್ರೈಸೊಲೊರಾಸ್ ಅವನ್ನು 10ಕ್ಕೆ ಇಳಿಸಿದ. ದಿನವಿಡೀ ಕಾನೂನನ್ನೋ ವೈದ್ಯವನ್ನೋ ಓದಿ ಸಂಜೆ ಗ್ರೀಕ್ ಹಿಡಿಯುವ ವಯಸ್ಕನಿಗೆ ಈ ಇಳಿಕೆ ಎಂಥ ಉಪಕಾರವೆಂಬುದನ್ನು ರಾಮಶಬ್ದದಿಂದ ಹಿಡಿದು ಒಂದೊಂದೇ ರೂಪಾವಳಿಯನ್ನು ಬಾಯಿಪಾಠ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಪಡುವಾ ವಿಶ್ವವಿದ್ಯಾಲಯ 1463ರಲ್ಲಿ ಡಿಮಿಟ್ರಿಯಸ್ ಚಾಲ್ಕೊಂಡಿಲೀಸ್‌ನನ್ನು ಗ್ರೀಕ್ ಪೀಠಕ್ಕೆ ನೇಮಿಸಿತು. 1476ರಲ್ಲಿ ಮಿಲಾನ್ ನಗರದಲ್ಲಿ ಕಾನ್‌ಸ್ಟಂಟೈನ್ ಲಾಸ್ಕರಿಸ್‌ನ ವ್ಯಾಕರಣ ಅಚ್ಚಾಯಿತು. ಪೂರ್ತಿ ಗ್ರೀಕ್‌ನಲ್ಲಿ ಮುದ್ರಣಗೊಂಡ ಮೊದಲ ಪುಸ್ತಕ ಅದೇ. ವೆನಿಸ್ಸಿನ ಆಲ್ಡಸ್ ಮನೂಶಿಯಸ್ 1495ರಿಂದ 1498ರೊಳಗೆ ಅರಿಸ್ಟಾಟಲ್‌ನನ್ನು ಐದು ಸಂಪುಟಗಳಲ್ಲಿ ಮೂಲ ಭಾಷೆಯಲ್ಲೇ ಹೊರತಂದ. 1525ರಲ್ಲಿ ಅದೇ ಮುದ್ರಣಾಲಯದಿಂದ ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ವೈದ್ಯಗ್ರಂಥಗಳು ಬಂದವು.

ವೈದ್ಯರಿಗೆ ಗ್ರೀಕ್ ಅಲಂಕಾರವಾಗಿರಲಿಲ್ಲ. ಫೆರಾರಾದಲ್ಲಿ ವೈದ್ಯ ಕಲಿಸುತ್ತಿದ್ದ ನಿಕ್ಕೊಲೊ ಲಿಯೊನಿಚೆನೊ 1492ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದು, ರೋಮನ್ ಲೇಖಕ ಪ್ಲಿನಿಯಂಥ ಹಿರಿಯರೂ ಗಿಡಮೂಲಿಕೆಗಳ ಹೆಸರಿನಲ್ಲಿ ಎಡವಿದ್ದಾರೆಂದು ತೋರಿಸಿದ. ಗ್ರೀಕ್‌ನಲ್ಲಿ 'ಕಿಸ್ಸೊಸ್' ಎಂದರೆ ಗೋಡೆಗೆ ಹಬ್ಬುವ ಐವಿ ಬಳ್ಳಿ. 'ಕಿಸ್ಥೊಸ್' ಎಂದರೆ ಬೇರೊಂದು ಪೊದೆ. ಒಂದು ಅಕ್ಷರದ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋದದ್ದರಿಂದ ಎರಡು ಗಿಡಗಳ ಗುಣಗಳು ಒಂದಾಗಿ ಕಲೆತುಹೋಗಿದ್ದವು. ರೋಗಿಯ ಹೊಟ್ಟೆಗೆ ಹೋಗುವುದು ಯಾವ ಸೊಪ್ಪು ಎಂಬ ಪ್ರಶ್ನೆ ಅದು. ಇಂಗ್ಲೆಂಡಿನಿಂದ ಇಟಲಿಗೆ ಹೋಗಿ ಗ್ರೀಕ್ ಕಲಿತು 1496ರಲ್ಲಿ ಪಡುವಾದಲ್ಲಿ ವೈದ್ಯಪದವಿ ಪಡೆದ ಥಾಮಸ್ ಲಿನಾಕರ್ ಗೇಲನ್‌ನನ್ನು ಮೂಲದಿಂದ ಲ್ಯಾಟಿನ್‌ಗೆ ತರುವ ಕೆಲಸಕ್ಕೆ ಕೈಹಾಕಿದ್ದು ಇದೇ ಕಾಳಜಿಯಿಂದ. 1518ರಲ್ಲಿ ಲಂಡನ್ನಿನ ವೈದ್ಯರ ಕಾಲೇಜನ್ನು ಸ್ಥಾಪಿಸಿದವನೂ ಅವನೇ.

ಇಂಗ್ಲೆಂಡಿನ ಎರಡು ವಿಶ್ವವಿದ್ಯಾಲಯಗಳಲ್ಲಿ ಗ್ರೀಕ್ ನೆಲೆಯೂರಿದ್ದು ನಿಧಾನವಾಗಿ, ಕೆಲವೊಮ್ಮೆ ಕಾದಾಟದ ನಡುವೆ. 1511ರಲ್ಲಿ ಕೇಂಬ್ರಿಜ್‌ಗೆ ಬಂದ ಎರಾಸ್ಮಸ್ ಕ್ರೈಸೊಲೊರಾಸ್‌ನ ವ್ಯಾಕರಣ ಹಿಡಿದು ಪಾಠ ಶುರುಮಾಡಿದ, ಕೇಳುವವರು ಬೆರಳೆಣಿಕೆಯಷ್ಟು. ಥಿಯೊಡೋರ್ ಗಾಜಾನ ವ್ಯಾಕರಣ ಎತ್ತಿಕೊಂಡರೆ ಜನ ಹೆಚ್ಚಬಹುದೆಂದು ಅವನು ಗೆಳೆಯನಿಗೆ ಬರೆದ. ಎರಾಸ್ಮಸ್ ತಾನೇ ಗ್ರೀಕನ್ನು ಗಂಭೀರವಾಗಿ ಹಿಡಿದದ್ದು ಮೂವತ್ತು ದಾಟಿದ ಮೇಲೆ, ಪ್ಯಾರಿಸ್ಸಿನ ಬಡತನದಲ್ಲಿ. ಕೈಗೆ ಹಣ ಬಂದರೆ ಮೊದಲು ಗ್ರೀಕ್ ಪುಸ್ತಕ, ಆಮೇಲೆ ಬಟ್ಟೆ ಎಂದು ಬರೆದುಕೊಂಡವನು ಅವನು. ಆಕ್ಸ್‌ಫರ್ಡ್‌ನಲ್ಲಿ 1517ರಲ್ಲಿ ಹುಟ್ಟಿದ ಕಾರ್ಪಸ್ ಕ್ರಿಸ್ಟಿ ಕಾಲೇಜು ಗ್ರೀಕ್‌ಗೆಂದೇ ಒಬ್ಬ ಉಪನ್ಯಾಸಕನನ್ನು ಇಟ್ಟುಕೊಂಡಿತು. ಅದರ ಮರುವರ್ಷವೇ ಅಲ್ಲಿ ಒಂದು ಗುಂಪು ಗ್ರೀಕ್ ಓದುವವರ ವಿರುದ್ಧ ಎದ್ದು, ತಮ್ಮನ್ನು ಗ್ರೀಕರ ಹಳೆಯ ಶತ್ರುಗಳಾದ ಟ್ರೋಜನರೆಂದು ಕರೆದುಕೊಂಡು, ಪ್ರಿಯಾಮ್, ಹೆಕ್ಟರ್ ಎಂದು ಹೆಸರಿಟ್ಟುಕೊಂಡು ಬೀದಿಯಲ್ಲಿ ಕಲಿಯುವವರನ್ನು ಹಂಗಿಸತೊಡಗಿತು. ಥಾಮಸ್ ಮೋರ್ ವಿಶ್ವವಿದ್ಯಾಲಯಕ್ಕೆ ದೀರ್ಘ ಪತ್ರ ಬರೆದು ಇದನ್ನು ಖಂಡಿಸಬೇಕಾಯಿತು. ವಿರೋಧಿಗಳ ಅಂಜಿಕೆಗೂ ಕಾರಣವಿತ್ತು. 1516ರಲ್ಲಿ ಎರಾಸ್ಮಸ್ ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯವನ್ನು ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದ್ದ. ಚರ್ಚು ಸಾವಿರ ವರ್ಷ ನಂಬಿದ್ದ ಲ್ಯಾಟಿನ್ ಪಠ್ಯವನ್ನು ವ್ಯಾಕರಣ ಕಲಿತ ಯಾವ ಹುಡುಗನಾದರೂ ಇನ್ನು ಒರೆಗೆ ಹಚ್ಚಬಹುದಿತ್ತು. 1518ರಲ್ಲಿ ವಿಟೆನ್‌ಬರ್ಗ್‌ನ ಗ್ರೀಕ್ ಪೀಠಕ್ಕೆ ಬಂದ ಮೆಲಾಂಕ್ಟನ್‌ಗೆ ಆಗ 21 ವರ್ಷ. ಲೂಥರ್‌ನ ಬೈಬಲ್ ಅನುವಾದಕ್ಕೆ ಒತ್ತಾಸೆಯಾಗಿ ನಿಂತದ್ದು ಅವನ ಗ್ರೀಕ್. ಪ್ರಾಟೆಸ್ಟೆಂಟ್ ಪಾದ್ರಿಯಾಗುವವನಿಗೆ ಗ್ರೀಕ್ ಬೇಕೇ ಬೇಕೆಂಬ ನಿಯಮದ ಬೇರು ಅಲ್ಲಿದೆ. ಆ ಬೇರಿನ ಒಂದು ಟಿಸಿಲು ಬೆಂಗಳೂರಿನಲ್ಲೂ ಇದೆ. 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೇವತಾಶಾಸ್ತ್ರದ ಜೊತೆಗೆ ಹೊಸ ಒಡಂಬಡಿಕೆಯ ಗ್ರೀಕ್ ಕಲಿಸುತ್ತಾರೆ.

ಎಂಟನೆಯ ಹೆನ್ರಿ 1540ರಲ್ಲಿ ಕೇಂಬ್ರಿಜ್‌ನಲ್ಲಿ ಗ್ರೀಕ್‌ಗೆ ರಾಜಪೀಠ ಸ್ಥಾಪಿಸಿದ. ವರ್ಷಕ್ಕೆ 40 ಪೌಂಡ್ ಸಂಬಳ. ಮೊದಲ ಪ್ರಾಧ್ಯಾಪಕ ಜಾನ್ ಚೀಕ್. ಅವನೂ ಅವನ ಗೆಳೆಯ ಥಾಮಸ್ ಸ್ಮಿತ್ ಎಂಬ ಕಾನೂನು ಪಂಡಿತನೂ ಎರಾಸ್ಮಸ್‌ನ ಜಾಡು ಹಿಡಿದು ಪ್ರಾಚೀನರ ಉಚ್ಚಾರಣೆಯನ್ನು ಹುಡುಕತೊಡಗಿದರು. ಬೈಜಾಂಟಿಯಂನಿಂದ ಬಂದ ಗುರುಗಳು ಹಲವು ಸ್ವರಗಳನ್ನು ಒಂದೇ 'ಇ'ಕಾರವಾಗಿ ಉಚ್ಚರಿಸುತ್ತಿದ್ದರು, 'ಬ'ಕಾರವನ್ನು 'ವ' ಎನ್ನುತ್ತಿದ್ದರು. ಹಳೆಯ ಹಾಸ್ಯನಾಟಕವೊಂದರ ಉಳಿದ ತುಣುಕಿನಲ್ಲಿ ಕುರಿ ಅರಚುವ ಸದ್ದಿದೆ. ಬೈಜಾಂಟಿಯಂ ರೀತಿಯಲ್ಲಿ ಓದಿದರೆ ಕುರಿ 'ವೀ ವೀ' ಎನ್ನುತ್ತದೆ. ಹೊಸ ರೀತಿಯಲ್ಲಿ ಓದಿದರೆ 'ಬೇ ಬೇ' ಎನ್ನುತ್ತದೆ, ಎಲ್ಲ ದೇಶದ ಕುರಿಗಳ ಹಾಗೆ. ವಾದ ಸರಳವಾಗಿತ್ತು, ಸರಿಯಾಗಿಯೂ ಇತ್ತು. ಆದರೆ ವಿಶ್ವವಿದ್ಯಾಲಯದ ಕುಲಾಧಿಪತಿ, ಬಿಷಪ್ ಸ್ಟೀಫನ್ ಗಾರ್ಡಿನರ್‌ಗೆ ಇದರಲ್ಲಿ ಅರಾಜಕತೆ ಕಂಡಿತು. 1542ರಲ್ಲಿ ಅವನು ಹೊಸ ಉಚ್ಚಾರಣೆಯನ್ನು ನಿಷೇಧಿಸಿದ. ಮೀರಿದ ಹಿರಿಯರನ್ನು ಸೆನೆಟ್‌ನಿಂದ ಹೊರಹಾಕಬೇಕು, ವಿದ್ಯಾರ್ಥಿವೇತನದವರು ಅದನ್ನು ಕಳೆದುಕೊಳ್ಳಬೇಕು, ಹುಡುಗರಿಗೆ ಚಡಿಯೇಟು ಬೀಳಬೇಕು. ಒಂದು ಸ್ವರಕ್ಕಾಗಿ ಇಷ್ಟು ದಂಡ! ಗಾರ್ಡಿನರ್‌ನ ಕಾಲ ಮುಗಿದ ಮೇಲೆ ಗೆದ್ದದ್ದು ಹೊಸ ಉಚ್ಚಾರಣೆಯೇ.

ಮುಂದಿನ ಇನ್ನೂರು ವರ್ಷಗಳಲ್ಲಿ ಗ್ರೀಕ್ ವಿಶ್ವವಿದ್ಯಾಲಯದಿಂದ ಶಾಲೆಗೆ ಇಳಿಯಿತು. ಇಳಿದು ಅಲ್ಲೇ ಗಟ್ಟಿಯಾಗಿ, ಕೊನೆಗೆ ವಿಶ್ವವಿದ್ಯಾಲಯದ ಬಾಗಿಲಿಗೆ ಬೀಗವಾಗಿ ಮರಳಿತು. ಕೇಂಬ್ರಿಜ್‌ನಲ್ಲಿ 1824ರಿಂದ ಎಲ್ಲ ವಿದ್ಯಾರ್ಥಿಗಳೂ ಬರೆಯಬೇಕಾದ ಒಂದು ಆರಂಭಿಕ ಪರೀಕ್ಷೆ ಬಂತು. ಹುಡುಗರು ಅದನ್ನು 'ಲಿಟ್ಲ್ ಗೋ' ಎಂದು ಕರೆದರು. ಗ್ರೀಕ್‌ನಲ್ಲಿ ಒಂದು ಸುವಾರ್ತೆ, ಒಬ್ಬ ಗ್ರೀಕ್ ಲೇಖಕ, ಒಬ್ಬ ಲ್ಯಾಟಿನ್ ಲೇಖಕ, ಜೊತೆಗೆ ಪೇಲಿ ಎಂಬ ಲೇಖಕನ ಕ್ರೈಸ್ತ ಧರ್ಮಸಮರ್ಥನೆ. ಆಕ್ಸ್‌ಫರ್ಡ್‌ನಲ್ಲಿ ಇದರ ಜೋಡಿ 'ರೆಸ್ಪಾನ್ಶನ್ಸ್'. ಗಣಿತ ಓದುವವನಾಗಲಿ ವಿಜ್ಞಾನ ಓದುವವನಾಗಲಿ, ಗ್ರೀಕ್ ದಾಟದೆ ಪದವಿ ಇಲ್ಲ.

ಸ್ವಂತ ಇಷ್ಟದಿಂದ ಕಲಿತ ಬ್ರೂನಿಗೂ ಬೀಗ ತೆಗೆಯಲು ಕಲಿತ ಹುಡುಗನಿಗೂ ಇರುವ ಅಂತರ ಚಾರ್ಲ್ಸ್ ಡಾರ್ವಿನ್‌ನ ಆತ್ಮಕಥೆಯಲ್ಲಿ ಕಾಣುತ್ತದೆ. ಕೇಂಬ್ರಿಜ್ ಸೇರಬೇಕಾದಾಗ ಅವನು ಶಾಲೆ ಬಿಟ್ಟು ಎರಡು ವರ್ಷವಾಗಿತ್ತು. ಶಾಲೆಯಲ್ಲಿ ಏಳು ವರ್ಷ ಕಲಿತದ್ದೆಲ್ಲ ಹಾರಿಹೋಗಿ, ಕೆಲವು ಗ್ರೀಕ್ ಅಕ್ಷರಗಳು ಕೂಡ ಮರೆತುಹೋಗಿದ್ದವು. ಮನೆಪಾಠದವರನ್ನು ಇಟ್ಟುಕೊಂಡು ಮತ್ತೆ ಕಲಿತು 1828ರ ಜನವರಿಯಲ್ಲಿ ಅವನು ಕಾಲೇಜಿಗೆ ಹೋದ. ಡಾರ್ವಿನ್ ದಡ್ಡನಾಗಿರಲಿಲ್ಲ; ಕಲಿಸಿದ ರೀತಿಯೇ ಬರಡಾಗಿತ್ತು. ಹೋಮರ್‌ನ ಸಾಲುಗಳನ್ನು ಉರುಹೊಡೆಸಿ, ಅವನ್ನು ಎರಡೇ ದಿನದಲ್ಲಿ ಮರೆಯಲು ಬಿಡುವ ಶಾಲೆ ಅದು. ಪರೀಕ್ಷೆಗೆ ನಿಗದಿಯಾದ ಸುವಾರ್ತೆಯ ಇಂಗ್ಲಿಷ್ ಅನುವಾದವನ್ನು ಬಾಯಿಪಾಠ ಮಾಡಿ, ಗ್ರೀಕ್ ವಾಕ್ಯದ ಮೊದಲ ಪದ ಗುರುತಿಸಿದರೆ ಸಾಕು ಎಂಬ ಉಪಾಯವೂ ಆ ಕಾಲದಲ್ಲಿ ಚೆನ್ನಾಗಿ ಚಾಲ್ತಿಯಲ್ಲಿತ್ತು.

ಅದೇ ಕಾಲದಲ್ಲಿ ಕಟ್ಟಳೆಯ ಹೊರಗೆ ಗ್ರೀಕ್ ಬೇರೆಯೇ ಫಲ ಕೊಡುತ್ತಿತ್ತು. ಬೆಳಕು ಅಲೆಯೆಂದು ತೋರಿಸಿದ ಥಾಮಸ್ ಯಂಗ್ ವೃತ್ತಿಯಿಂದ ವೈದ್ಯ. ರೊಸೆಟ್ಟಾ ಶಿಲೆಯ ಮೇಲಿನ ಗ್ರೀಕ್ ಪಠ್ಯವನ್ನು ಆಧಾರವಾಗಿಟ್ಟುಕೊಂಡು ಈಜಿಪ್ಟಿನ ಲಿಪಿಯ ಒಗಟಿಗೆ ಕೈಹಾಕಿದ ಮೊದಲಿಗರಲ್ಲಿ ಅವನೂ ಒಬ್ಬ. 1813ರಲ್ಲಿ 'ಇಂಡೋ-ಯುರೋಪಿಯನ್' ಎಂಬ ಹೆಸರನ್ನು ಬಳಕೆಗೆ ತಂದವನೂ ಅವನೇ. ಆ ಹೆಸರಿಗೆ ದಾರಿ ಮಾಡಿದ್ದು ಇನ್ನೊಬ್ಬ ವೃತ್ತಿನಿರತನ ಮಾತು. 1786ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಮುಂದೆ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕು ಎಂದ. ಅವನು ಸುಪ್ರೀಂ ಕೋರ್ಟಿನ ನ್ಯಾಯಾಧೀಶ. ಗ್ರೀಕ್ ಬಾರದ ಮೈಕೆಲ್ ಫ್ಯಾರಡೆ 1834ರಲ್ಲಿ ತನ್ನ ವಿದ್ಯುತ್ ಪ್ರಯೋಗಗಳಿಗೆ ಹೆಸರು ಬೇಕಾದಾಗ ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದ. ಆನೋಡ್, ಕ್ಯಾಥೋಡ್ ಎಂಬ ಹೆಸರುಗಳು ಬಂದದ್ದು ಹೀಗೆ: 'ಆನೋಡೋಸ್' ಏರುದಾರಿ, 'ಕಾಥೋಡೋಸ್' ಇಳಿದಾರಿ. 'ಅಯಾನ್' ಎಂದರೆ ಹೋಗುವಂಥದು. ಇಂದು ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲೂ ಇವೇ ಪದಗಳಿವೆ.

ಭಾರತಕ್ಕೆ ಗ್ರೀಕ್ ಬೀಗ ತಟ್ಟಿದ್ದು ಸಿವಿಲ್ ಸರ್ವಿಸ್ ಪರೀಕ್ಷೆಯ ಮೂಲಕ. ಮೆಕಾಲೆಯ ಸಮಿತಿ 1854ರಲ್ಲಿ ರೂಪಿಸಿ ಮರುವರ್ಷ ಜಾರಿಗೆ ಬಂದ ಪರೀಕ್ಷೆಯಲ್ಲಿ ಒಟ್ಟು ಅಂಕ 6875. ಗ್ರೀಕ್‌ಗೆ 750, ಲ್ಯಾಟಿನ್‌ಗೆ 750. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಭಾರತವನ್ನು ಆಳಲು ಹೊರಟವನಿಗೆ ಭಾರತದ ಶಾಸ್ತ್ರೀಯ ಭಾಷೆಗಿಂತ ಅಥೆನ್ಸಿನ ಭಾಷೆ ಎರಡು ಪಟ್ಟು ಬೆಲೆಯದು. ಇದು ಅನ್ಯಾಯವಾಗಿತ್ತು, ಅದರ ಪೆಟ್ಟು ಬಿದ್ದದ್ದು ಭಾರತೀಯ ಅಭ್ಯರ್ಥಿಗಳಿಗೆ. ಇಂಗ್ಲಿಷ್ ಶಾಲೆಯಲ್ಲಿ ಬಾಲ್ಯದಿಂದ ಓದಿದವನಿಗೆ 1500 ಅಂಕಗಳ ಹೆದ್ದಾರಿ ತೆರೆದಿತ್ತು. ಕಲ್ಕತ್ತೆಯಿಂದಲೋ ಮದರಾಸಿನಿಂದಲೋ ಹೋದವನಿಗೆ ಅದು ಮುಚ್ಚಿತ್ತು. ಇಂಗ್ಲೆಂಡಿನಲ್ಲೇ ಬೆಳೆದ ಅರವಿಂದ ಘೋಷ್ ಇದಕ್ಕೆ ಅಪವಾದ. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಗ್ರೀಕ್ ಕಲಿತು, ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿ, 1890ರಲ್ಲಿ ಸಿವಿಲ್ ಸರ್ವಿಸ್‌ನ ಲಿಖಿತ ಪರೀಕ್ಷೆಯನ್ನು ಗ್ರೀಕ್, ಲ್ಯಾಟಿನ್‌ಗಳ ಬಲದಿಂದಲೇ ಗೆದ್ದರು. ಕುದುರೆ ಸವಾರಿಯ ಪರೀಕ್ಷೆಗೆ ಹಾಜರಾಗದೆ ನೌಕರಿ ಬಿಟ್ಟರು. ನೌಕರಿ ಹೋಯಿತು, ಗ್ರೀಕ್ ಉಳಿಯಿತು: ಟ್ರಾಯ್ ಯುದ್ಧವನ್ನು ಕುರಿತ 'ಇಲಿಯಾನ್' ಎಂಬ ಇಂಗ್ಲಿಷ್ ಕಾವ್ಯವನ್ನು ಅವರು ಹೋಮರ್‌ನ ಛಂದಸ್ಸಿನಲ್ಲೇ ಬರೆಯಲು ತೊಡಗಿದರು. ಇದಕ್ಕೂ ಮೊದಲು, ಪರೀಕ್ಷೆಯ ಹಂಗಿಲ್ಲದೆ, ಕಲ್ಕತ್ತೆಯ ಬಿಷಪ್ಸ್ ಕಾಲೇಜಿನಲ್ಲಿ ಗ್ರೀಕ್ ಕಲಿತ ಮೈಕೆಲ್ ಮಧುಸೂದನ ದತ್ತರು ಬಂಗಾಳಿಯಲ್ಲಿ 'ಮೇಘನಾದವಧ'ವನ್ನು ಬರೆದರು. ರಾವಣನ ಮಗನ ಸಾವನ್ನು ಹೆಕ್ಟರ್‌ನ ಸಾವಿನಷ್ಟೇ ಮರುಕದಿಂದ ಕಂಡ ಕಾವ್ಯ ಅದು.

ಬೀಗದ ಭಾರವನ್ನು ಬೇರೆಯೇ ರೀತಿಯಲ್ಲಿ ಹೊತ್ತವರು ಹೆಣ್ಣುಮಕ್ಕಳು. ಹುಡುಗರಿಗೆ ಏಳೆಂಟನೆಯ ವಯಸ್ಸಿನಿಂದ ಶಾಲೆಯಲ್ಲಿ ಸಿಗುತ್ತಿದ್ದ ಗ್ರೀಕ್ ಹುಡುಗಿಯರಿಗೆ ಸಿಗುತ್ತಿರಲಿಲ್ಲ. 1869ರಲ್ಲಿ ಗರ್ಟನ್ ಕಾಲೇಜನ್ನು ಕಟ್ಟಿದ ಎಮಿಲಿ ಡೇವೀಸ್, ತಮ್ಮ ವಿದ್ಯಾರ್ಥಿನಿಯರು ಗಂಡಸರ 'ಲಿಟ್ಲ್ ಗೋ'ವನ್ನೇ, ಅದೇ ಗ್ರೀಕನ್ನೇ ದಾಟಬೇಕೆಂದು ಹಟ ಹಿಡಿದರು. ಸುಲಭದ ಪರೀಕ್ಷೆ ಒಪ್ಪಿದರೆ ಹೆಣ್ಣಿನ ಪದವಿ ಎರಡನೆಯ ದರ್ಜೆಯದೆಂಬ ಮಾತು ಬರುತ್ತದೆ ಎಂಬುದು ಅವರ ವಾದ. ಪಕ್ಕದಲ್ಲೇ ನ್ಯೂನಮ್ ಕಾಲೇಜನ್ನು ಬೆಳೆಸಿದ ಹೆನ್ರಿ ಸಿಜ್ವಿಕ್ ಸ್ವತಃ ಗ್ರೀಕ್, ಲ್ಯಾಟಿನ್‌ಗಳಲ್ಲಿ ತನ್ನ ವರ್ಷದ ಮೊದಲಿಗನಾಗಿದ್ದವನು. ಆದರೆ ಕಡ್ಡಾಯ ಗ್ರೀಕ್‌ನ ಕಡುವಿರೋಧಿ. ಗಣಿತಕ್ಕೋ ಇತಿಹಾಸಕ್ಕೋ ಬಂದ ಹುಡುಗಿ ಅಕ್ಷರಮಾಲೆಯಿಂದ ಶುರುಮಾಡಿ ವರ್ಷ ಕಳೆಯುವುದು ಅವನಿಗೆ ವ್ಯರ್ಥವಾಗಿ ಕಂಡಿತು. ನ್ಯೂನಮ್ ಬೇರೆ ಪರೀಕ್ಷೆಗಳ ದಾರಿಯನ್ನೂ ತೆರೆದಿಟ್ಟಿತು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. 1887ರಲ್ಲಿ ಗರ್ಟನ್‌ನ ಆಗ್ನೇಟಾ ರಾಮ್ಸೆ ಶಾಸ್ತ್ರೀಯ ಭಾಷೆಗಳ ಪರೀಕ್ಷೆಯಲ್ಲಿ ಪ್ರಥಮ ವರ್ಗದ ಮೊದಲ ಶ್ರೇಣಿಯಲ್ಲಿ ಒಬ್ಬಂಟಿಯಾಗಿ ನಿಂತಳು. ಆ ಶ್ರೇಣಿಯಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಆದರೂ ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ಅಣ್ಣತಮ್ಮಂದಿರು ಕೇಂಬ್ರಿಜ್‌ಗೆ ಹೋದರೆ, ವರ್ಜೀನಿಯಾ ವುಲ್ಫ್ ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಹಿಳಾ ವಿಭಾಗದಲ್ಲೂ ಆಮೇಲೆ ಜಾನೆಟ್ ಕೇಸ್ ಅವರ ಮನೆಪಾಠದಲ್ಲೂ ಗ್ರೀಕ್ ಕಲಿತರು. ಯಾವ ಪದವಿಗೂ ಸೇರದ ಆ ಗ್ರೀಕ್ ಕೊನೆಯವರೆಗೂ ಅವರ ಜೊತೆಗಿತ್ತು.

ಕಡ್ಡಾಯವನ್ನು ಮೊದಲು ಕೈಬಿಟ್ಟ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅಮೆರಿಕದ ಹಾರ್ವರ್ಡ್ ಒಂದು. ಅಲ್ಲಿನ ಹಳೆಯ ವಿದ್ಯಾರ್ಥಿ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ 1883ರಲ್ಲಿ ಭಾಷಣ ಮಾಡಿ ಕಾಲೇಜಿನ ಗ್ರೀಕನ್ನು ಮೂಢಪೂಜೆ ಎಂದು ಕರೆದ. ಅದೇ ದಶಕ ಮುಗಿಯುವ ಮೊದಲು ಪ್ರವೇಶಕ್ಕೆ ಗ್ರೀಕ್ ಕಡ್ಡಾಯವೆಂಬ ನಿಯಮ ಸಡಿಲಿತು. ಕೇಂಬ್ರಿಜ್‌ನಲ್ಲಿ ಪ್ರಶ್ನೆ 1891ರಲ್ಲಿ ಎದ್ದು ಬಿತ್ತು. 1905ರಲ್ಲಿ ಮತ್ತೆ ಎದ್ದಿತು. ಎಂ.ಎ. ಪಡೆದ ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ಮತವಿತ್ತು, ಅವರಲ್ಲಿ ಹಳ್ಳಿಯ ಪಾದ್ರಿಗಳು ತುಂಬ. ರೈಲು ಹತ್ತಿ ಬಂದು ಸಾವಿರದ ಐನೂರಕ್ಕೂ ಹೆಚ್ಚು ಮಂದಿ ಬದಲಾವಣೆಯ ವಿರುದ್ಧ ಮತ ಹಾಕಿದರು. ಪರವಾಗಿ ಬಂದವರು ಸಾವಿರದಷ್ಟು. ಕಡ್ಡಾಯ ತೆಗೆದರೆ ಶಾಲೆಗಳು ಕಲಿಸುವುದನ್ನೇ ನಿಲ್ಲಿಸುತ್ತವೆ ಎಂಬುದು ವಿರೋಧಿಗಳ ಭಯ. ಮೊದಲ ಮಹಾಯುದ್ಧ ಆ ವಾದವನ್ನು ಮುಗಿಸಿತು. ವಿಜ್ಞಾನವನ್ನು ಕಡೆಗಣಿಸಿದ ಶಿಕ್ಷಣ ದೇಶವನ್ನು ಅಪಾಯಕ್ಕೆ ಒಡ್ಡಿತೆಂಬ ಕೂಗು ಎದ್ದಿತ್ತು. ರಣರಂಗದಿಂದ ಮರಳಿದ ಯುವಕರನ್ನು ಗ್ರೀಕ್ ಅಕ್ಷರಮಾಲೆಯ ಮುಂದೆ ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಕೇಂಬ್ರಿಜ್ 1919ರಲ್ಲಿ, ಆಕ್ಸ್‌ಫರ್ಡ್ 1920ರಲ್ಲಿ ಕಡ್ಡಾಯ ಗ್ರೀಕನ್ನು ತೆಗೆದುಹಾಕಿದವು. ಭಯಪಟ್ಟವರ ಮಾತು ಸುಳ್ಳಾಗಲಿಲ್ಲ. ಶಾಲೆಗಳಲ್ಲಿ ಗ್ರೀಕ್ ಕುಗ್ಗುತ್ತ ಹೋಯಿತು.

ಹಾಗಾದಾಗ ಕಳೆದುಕೊಳ್ಳುವುದೇನು ಎಂಬುದಕ್ಕೆ ಕನ್ನಡಕ್ಕೇ ಸೇರಿದ ಒಂದು ನಿದರ್ಶನವಿದೆ. ಆಕ್ಸ್‌ಫರ್ಡ್‌ನ ಗ್ರೆನ್‌ಫೆಲ್ ಮತ್ತು ಹಂಟ್ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬಗಳಲ್ಲಿ ಪಪೈರಸ್ ಹಾಳೆಗಳನ್ನು ಅಗೆದು ತೆಗೆಯುತ್ತಿದ್ದರು. 1903ರಲ್ಲಿ ಅವರು 413ನೆಯ ಸಂಖ್ಯೆಯಡಿ ಪ್ರಕಟಿಸಿದ್ದು ಕ್ರಿಸ್ತಶಕ ಎರಡನೆಯ ಶತಮಾನದ ಹಾಳೆಯಲ್ಲಿ ಉಳಿದ ಒಂದು ಪ್ರಹಸನ. ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದ ಕಾರಿಟಿಯಾನ್ ಎಂಬ ಗ್ರೀಕ್ ಹುಡುಗಿಯನ್ನು, ಅಲ್ಲಿನ ರಾಜನಿಗೆ ಮದ್ಯ ಕುಡಿಸಿ, ಬಿಡಿಸಿಕೊಂಡು ಹೋಗುವ ಕಥೆ. ರಾಜನೂ ಅವನ ಕಡೆಯವರೂ ಆಡುವ ಮಾತು ಗ್ರೀಕ್ ಲಿಪಿಯಲ್ಲಿದೆ, ಗ್ರೀಕ್ ಅಲ್ಲ. ಗ್ರೀಕ್ ಪಂಡಿತರಿಗೆ ಅದು ಅರ್ಥವಿಲ್ಲದ ಸದ್ದು. ಮದರಾಸು ಸರ್ಕಾರದ ಶಾಸನತಜ್ಞನಾಗಿ ದಕ್ಷಿಣದ ಶಾಸನಗಳನ್ನು ವರ್ಷಗಟ್ಟಲೆ ಓದಿದ್ದ ಯೂಜೆನ್ ಹುಲ್ಟ್ಷ್, ಜರ್ಮನಿಗೆ ಮರಳಿದ ಮೇಲೆ, 1904ರಲ್ಲಿ ಅದು ಕನ್ನಡವಿರಬೇಕೆಂದು ಸೂಚಿಸಿದ. ಆಮೇಲೆ ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಆ ಸಾಲುಗಳನ್ನು ಬಿಡಿಸಲು ಯತ್ನಿಸಿದರು. ತುಳು ಎಂದವರಿದ್ದಾರೆ, ಬರೀ ಅಣಕದ ಸದ್ದು ಎಂದವರೂ ಇದ್ದಾರೆ. ಒಮ್ಮತ ಇನ್ನೂ ಇಲ್ಲ. ಆದರೆ ಪ್ರಶ್ನೆಯಾದರೂ ಹುಟ್ಟಿದ್ದು ಒಬ್ಬನ ತಲೆಯಲ್ಲಿ ಶಾಸನಗಳ ಕನ್ನಡವೂ ಶಾಲೆಯ ಗ್ರೀಕ್ಕೂ ಜೊತೆಗಿದ್ದದ್ದರಿಂದ. 1958ರಲ್ಲಿ ಕಂದಹಾರದಲ್ಲಿ ಸಿಕ್ಕ ಅಶೋಕನ ಗ್ರೀಕ್-ಅರಾಮಿಕ್ ಶಾಸನದ ವಿಷಯವೂ ಹಾಗೆಯೇ. 'ಧಮ್ಮ'ಕ್ಕೆ ಅಲ್ಲಿ 'ಯೂಸೆಬೇಯ', ಅಂದರೆ ಭಕ್ತಿಶ್ರದ್ಧೆ, ಎಂಬ ಪದ ನಿಂತಿದೆ ಎಂದು ತಿಳಿಯಲು ಇತಿಹಾಸದ ಪದವಿಯೊಂದೇ ಸಾಲದು. ಇತ್ತ ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸ್‌ನ 'ಏಜಾಕ್ಸ್'ನಿಂದ 1929ರಲ್ಲಿ 'ಅಶ್ವತ್ಥಾಮನ್' ನಾಟಕವನ್ನೂ ಈಸ್ಕಿಲಸ್‌ನಿಂದ 1935ರಲ್ಲಿ 'ಪಾರಸಿಕರು' ನಾಟಕವನ್ನೂ ತಂದು, ಕನ್ನಡದ ರುದ್ರನಾಟಕಕ್ಕೆ ನೆಲೆ ಹಾಕಿದರು.

ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಫಲ ಬಂದದ್ದೂ ಗ್ರೀಕ್ ಪದವೀಧರನಲ್ಲದವನಿಂದ. ಮೈಕೆಲ್ ವೆಂಟ್ರಿಸ್ ಓದಿದ್ದು ವಾಸ್ತುಶಿಲ್ಪ. ಗ್ರೀಕ್ ಅವನು ಶಾಲೆಯಲ್ಲಿ ಕಲಿತದ್ದು. ಕ್ರೀಟ್ ಮತ್ತು ಗ್ರೀಸ್‌ನ ಮಣ್ಣಿನ ಹಲಗೆಗಳ ಮೇಲಿದ್ದ 'ಲೀನಿಯರ್ ಬಿ' ಲಿಪಿಯನ್ನು ಅವನು ಬಿಡುವಿನ ವೇಳೆಯಲ್ಲಿ ಬಿಡಿಸುತ್ತ ಹೋದ. ಅದರ ಭಾಷೆ ಗ್ರೀಕ್ ಆಗಿರಲಾರದೆಂದೇ ಅವನು ಬಹುಕಾಲ ನಂಬಿದ್ದ. 1952ರ ಜುಲೈ 1ರಂದು ಬಿಬಿಸಿ ರೇಡಿಯೊದಲ್ಲಿ, ಅದು ಗ್ರೀಕ್ಕೇ, ಹೋಮರ್‌ಗಿಂತ ಶತಮಾನಗಳ ಹಿಂದಿನ ಗ್ರೀಕ್ ಎಂದು ಘೋಷಿಸಿದ. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ನಾಲ್ಕೇ ವರ್ಷಗಳಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ.

ಶಾಲೆಗಳು ಕಲಿಸುವುದನ್ನು ಬಿಟ್ಟ ಮೇಲೆ ವಿಶ್ವವಿದ್ಯಾಲಯಗಳು ಕ್ರೈಸೊಲೊರಾಸ್‌ನ ಹಾಗೆಯೇ ವಯಸ್ಕರಿಗೆ ಅಕ್ಷರದಿಂದ ಕಲಿಸಬೇಕಾಯಿತು. ದಾರಿ ತೋರಿದವರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಡಬ್ಲ್ಯು.ಎಚ್.ಡಿ. ರೌಸ್ ಒಬ್ಬರು. ಕೇಂಬ್ರಿಜ್‌ನ ಪರ್ಸ್ ಶಾಲೆಯ ಮುಖ್ಯೋಪಾಧ್ಯಾಯರಾಗಿ 1902ರಿಂದ 1928ರವರೆಗೆ ಅವರು ಗ್ರೀಕನ್ನು ಆಡುಭಾಷೆಯಂತೆ ಮಾತಾಡಿಸಿ ಕಲಿಸಿದರು. ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಬೋಧಿಸಿದರು. 1912ರಲ್ಲಿ ಬ್ಯಾಂಕರ್ ಜೇಮ್ಸ್ ಲೋಬ್ ಹಣ ಹೂಡಿ ಆರಂಭಿಸಿದ, ಒಂದು ಪುಟದಲ್ಲಿ ಗ್ರೀಕ್ ಎದುರು ಪುಟದಲ್ಲಿ ಇಂಗ್ಲಿಷ್ ಇರುವ ಹಸಿರು ಹೊದಿಕೆಯ ಪುಸ್ತಕಗಳಿಗೂ ಅವರು ಮೊದಲ ಸಂಪಾದಕರಲ್ಲೊಬ್ಬರು. ನ್ಯಾಯಶಾಸ್ತ್ರವನ್ನೋ ಭೌತಶಾಸ್ತ್ರವನ್ನೋ ಓದುತ್ತ ಅರ್ಧಂಬರ್ಧ ಗ್ರೀಕ್ ಬಲ್ಲವನಿಗೆ ಇಂಥ ಪುಸ್ತಕಕ್ಕಿಂತ ಒಳ್ಳೆಯ ಜೊತೆ ಇಲ್ಲ. 1978ರಲ್ಲಿ ಕೇಂಬ್ರಿಜ್ ಮುದ್ರಣಾಲಯದಿಂದ ಬಂದ 'ರೀಡಿಂಗ್ ಗ್ರೀಕ್' ಪಠ್ಯಮಾಲೆ ವಯಸ್ಕ ಆರಂಭಿಕರಿಗೆಂದೇ ಸಿದ್ಧವಾದದ್ದು. ಮೊದಲ ಪಾಠದಲ್ಲೇ ಹಡಗಿನ ತಳಕ್ಕೆ ತೂತು ಕೊರೆದು ಸಾಲ ಕೊಟ್ಟವರಿಗೆ ಮೋಸ ಮಾಡಲು ಹೊರಟ ವಂಚಕರ ಕಥೆ ಬರುತ್ತದೆ. ಅದರ ಮೂಲ ಡೆಮಾಸ್ತನೀಸ್‌ನ ಹೆಸರಿನಲ್ಲಿರುವ ನ್ಯಾಯಾಲಯದ ಭಾಷಣ.

ಕಲಿಯಬೇಕಾದ ಹೊರೆ ಹಿಂದಿನಷ್ಟೇ ಇದೆ. 24 ಅಕ್ಷರಗಳು ಒಂದು ವಾರದ ಮಾತು. ನಾಮಪದಕ್ಕೆ ಐದು ವಿಭಕ್ತಿ, ಮೂರು ಲಿಂಗ, ಏಕವಚನ ಬಹುವಚನಗಳ ನಡುವೆ ಅಪರೂಪಕ್ಕೆ ದ್ವಿವಚನ. ಕಷ್ಟವಿರುವುದು ಕ್ರಿಯಾಪದದಲ್ಲಿ. ಸಂಸ್ಕೃತ ಓದಿದವರಿಗೆ ಇಲ್ಲಿ ಹಳೆಯ ಪರಿಚಯದವರು ಎದುರಾಗುತ್ತಾರೆ: ಆತ್ಮನೇಪದವನ್ನು ಹೋಲುವ ಮಧ್ಯಮ ಪ್ರಯೋಗ, ಭೂತಕಾಲದ ಮುಂದೆ 'ಅ'ಕಾರದಂತೆ ಬರುವ 'ಎ'ಕಾರ, 'ದದಾಮಿ'ಗೆ 'ದಿದೋಮಿ', 'ಅಸ್ತಿ'ಗೆ 'ಎಸ್ತಿ'. ವಾರಕ್ಕೆ ಕೆಲವು ಗಂಟೆ ಕೊಡುವವನು ಒಂದು ವರ್ಷದಲ್ಲಿ ವ್ಯಾಕರಣ ಮುಗಿಸುತ್ತಾನೆ. ಬೇಸಿಗೆ ರಜೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂರಿಸಿ ಕೆಲವೇ ವಾರಗಳಲ್ಲಿ ಕಲಿಸುವ ಶಿಬಿರಗಳೂ ಇಂಗ್ಲೆಂಡ್, ಅಮೆರಿಕಗಳಲ್ಲಿವೆ. ಎರಡನೆಯ ವರ್ಷ ಸಾಮಾನ್ಯವಾಗಿ ಸೆನಫನ್, ಪ್ಲೇಟೊನ 'ಅಪಾಲಜಿ', ಇಲ್ಲವೇ ಯೋಹಾನನ ಸುವಾರ್ತೆ.

ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ 1972ರಲ್ಲಿ ಶುರುವಾದ ಯೋಜನೆಯೊಂದು ಗ್ರೀಕ್ ಸಾಹಿತ್ಯವನ್ನು ಗಣಕಕ್ಕೆ ಏರಿಸಿತು. 1980ರ ದಶಕದಲ್ಲಿ ಹುಟ್ಟಿದ ಪರ್ಸಿಯಸ್ ಸಂಗ್ರಹದಲ್ಲಿ ಯಾವ ಪದವನ್ನು ಮುಟ್ಟಿದರೂ ಅದರ ವಿಭಕ್ತಿ, ಕಾಲ, ಅರ್ಥ ತೆರೆದುಕೊಳ್ಳುತ್ತವೆ. 1843ರಲ್ಲಿ ಲಿಡೆಲ್ ಮತ್ತು ಸ್ಕಾಟ್ ಮೊದಲು ಪ್ರಕಟಿಸಿದ ದೊಡ್ಡ ನಿಘಂಟು ಹಣ ಕೊಡದೆ ಮೈಸೂರಿನ ಹಾಸ್ಟೆಲ್ ಕೋಣೆಗೂ ಬರುತ್ತದೆ. 2021ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಶಾಸ್ತ್ರೀಯ ಅಧ್ಯಯನದ ಪದವಿಗೂ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯವಲ್ಲವೆಂದಿತು. ಆದರೂ ತತ್ತ್ವಶಾಸ್ತ್ರ, ದೇವತಾಶಾಸ್ತ್ರ, ಪ್ರಾಚೀನ ಇತಿಹಾಸ, ವಿಜ್ಞಾನದ ಇತಿಹಾಸ ಓದುವವರು ತಮ್ಮ ಮೂಲ ವಿಷಯದ ಪಕ್ಕದಲ್ಲಿ ಇಂದಿಗೂ ಗ್ರೀಕ್ ಕಲಿಯುತ್ತಿದ್ದಾರೆ. ಅರಿಸ್ಟಾಟಲ್‌ನ ಮೇಲೆ ಸಂಶೋಧನೆಗೆ ಹೊರಟವನಿಗೆ ಮಾರ್ಗದರ್ಶಕರು ಕೇಳುವ ಮೊದಲ ಪ್ರಶ್ನೆಗಳಲ್ಲಿ, ಮೂಲವನ್ನು ಓದಬಲ್ಲೆಯಾ ಎಂಬುದೊಂದು.